ಗಾಯವಾದರೆ ಮೊದಲು ನೀರು

ಹಿಂಗಾರಿ ಸುಗ್ಗಿ ಬಂತೆಂದರೆ ರೋಣ, ನರಗುಂದದ ಎರೆ ಹೊಲಗಳಲ್ಲಿ ಕುಡುಗೋಲು ಕೈಗೆ ತಾಗುತ್ತದೆ, ಜಾಲಿಮುಳ್ಳು ಚಪ್ಪಲಿ ದಾಟಿ ಅಂಗಾಲಿಗೆ ಇಳಿಯುತ್ತದೆ. ಗಜೇಂದ್ರಗಡದ ಮಗ್ಗದ ಮನೆಗಳಲ್ಲೂ ಬೆರಳಿಗೆ ಪೆಟ್ಟು ತಪ್ಪಿದ್ದಲ್ಲ. ದುಡಿಯುವ ಕೈಗೆ ಗಾಯವಾಗುವುದು ನಿಮ್ಮ ತಪ್ಪಲ್ಲ ಬಿಡಿ. ಆದರೆ ಅದರ ಮೇಲೆ ನೀವು ಮೆತ್ತುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಸುಣ್ಣ-ಅರಿಶಿಣ, ಕಾಫಿಪುಡಿ, ಕುಳ್ಳಿನ ಬೂದಿ, ಟ್ರ್ಯಾಕ್ಟರಿನ ಡೀಸೆಲ್ಲು! ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ, ಸಗಣಿಯಲ್ಲಿ. ಹೊಲದ ಧೂಳು ಸಾಲದೆಂದು ಮನೆಯದನ್ನೂ ಸೇರಿಸಬೇಕೆ?

ರಕ್ತ ಸೋರುತ್ತಿದ್ದರೆ ಶುಭ್ರವಾದ ಬಟ್ಟೆಯಿಟ್ಟು 10 ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ಇಣುಕಬೇಡಿ. ಆಮೇಲೆ ನಲ್ಲಿಯ ಕೆಳಗೆ ಹಿಡಿದು, ಕುಡಿಯಲು ಯೋಗ್ಯವಾದ ನೀರಿನಿಂದ ಮಣ್ಣೆಲ್ಲ ಹೋಗುವಂತೆ ತೊಳೆಯಿರಿ. ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಿ. ಸಣ್ಣ ಗಾಯದ ಶುಚಿಗೆ ಇಷ್ಟು ಸಾಕು. ದಿನಾ ಡೆಟಾಲ್, ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಕ್ರಿಮಿಯ ಜೊತೆಗೆ ಹೊಸದಾಗಿ ಬೆಳೆಯುವ ಚರ್ಮವೂ ಸುಡುತ್ತದೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ?

ಇನ್ನು "ಗಾಳಿಗೆ ಬಿಡು, ಒಣಗಲಿ" ಎನ್ನುವ ಮಾತು. ನಮ್ಮ ಹಿರಿಯರಷ್ಟೇ ಅಲ್ಲ, ಆಸ್ಪತ್ರೆಯವರೂ ಒಂದು ಕಾಲಕ್ಕೆ ಹಾಗೇ ನಂಬಿದ್ದರು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲಿನ ಗಾಯಗಳಲ್ಲಿ ಕೆಲವನ್ನು ತೆಳು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಕೆಲವನ್ನು ಗಾಳಿಗೆ ಬಿಟ್ಟು ನೋಡಿದರು. ಮುಚ್ಚಿದ ಗಾಯಗಳ ಮೇಲೆ ಚರ್ಮ ಸುಮಾರು ಎರಡು ಪಟ್ಟು ಬೇಗ ಕೂಡಿಕೊಂಡಿತು. ಹೊಸ ಚರ್ಮ ಹಸಿಯ ಮೇಲೆ ಸಲೀಸಾಗಿ ಹರಿದು ಬರುತ್ತದೆ. ಗಟ್ಟಿ ಹಕ್ಕಳೆ ಕಟ್ಟಿದರೆ ಅದರ ಅಡಿಯಲ್ಲಿ ದಾರಿ ಹುಡುಕಬೇಕು. ಆದ್ದರಿಂದ ತೊಳೆದ ಗಾಯಕ್ಕೆ ತೆಳುವಾಗಿ ವ್ಯಾಸಲೀನ್ ಸವರಿ ಪಟ್ಟಿ ಕಟ್ಟಿ. ಬೆವರು, ಕೊಳೆ ತಾಗಿದರೆ ಪಟ್ಟಿ ಬದಲಿಸಿ. ಅಂಟಿಕೊಂಡ ಪಟ್ಟಿಯನ್ನು ಮಾತ್ರ ಚರ್‍ರೆಂದು ಕೀಳಬೇಡಿ. ಬಿಳಿ ಬಟ್ಟೆಗೆ ಕೆಂಪಗೆ ಅಂಟಿ ಬರುವುದು ನಾಲ್ಕು ದಿನ ಬೆಳೆದ ಚರ್ಮ. ನೀರು ಹನಿಸಿ, ನೆನೆದ ಮೇಲೆ ಬಿಡಿಸಿ.

ಬಾಯಿ ಬಿಟ್ಟುಕೊಂಡ ಆಳದ ಗಾಯವನ್ನು "ಸಂತೆಗೆ ಹೋದಾಗ ತೋರಿಸಿದರಾಯಿತು" ಎಂದು ಇಟ್ಟುಕೊಳ್ಳಬೇಡಿ. ಹೊಲಿಗೆ ಬೇಕಾದರೆ ಕೆಲವೇ ತಾಸಿನೊಳಗೆ ಹಾಕಿಸಬೇಕು. ಮಣ್ಣು ಹೊಕ್ಕ ಗಾಯವಾಗಿದ್ದು, ಹಿಂದಿನ ಧನುರ್ವಾಯು ಇಂಜೆಕ್ಷನ್ ಆಗಿ 5 ವರ್ಷ ದಾಟಿದ್ದರೆ, ಅಥವಾ ಯಾವಾಗ ಹಾಕಿಸಿದ್ದೆಂದೇ ನೆನಪಿಲ್ಲದಿದ್ದರೆ, ಮತ್ತೆ ಹಾಕಿಸಿಕೊಳ್ಳಿ.

ಹಾಗೆಯೇ ನಂಜಾಗುತ್ತದೆಂದು ಬೇಳೆ, ಶೇಂಗಾ, ತತ್ತಿ ಬಿಡಿಸಿ ಬರೀ ಗಂಜಿ ಕುಡಿಸುವ ಅತ್ತೆಯರಿಗೂ ಒಂದು ಮಾತು: ಮಾಂಸ ಕೂಡಲು ಬೇಕಾದ ಪ್ರೋಟೀನು ಅವುಗಳಲ್ಲೇ ಇದೆ. ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ ಧಾರಾಳವಾಗಿ ಹಾಕಿ.

ನನಗೆ ಹೆಚ್ಚು ಚಿಂತೆ ಶುಗರ್ ಇದ್ದವರದು. ಅವರಲ್ಲಿ ಹಲವರ ಪಾದದ ಸ್ಪರ್ಶ ಹೋಗಿರುತ್ತದೆ. ಮುಳ್ಳು ವಾರಗಟ್ಟಲೆ ಒಳಗಿದ್ದರೂ ಗೊತ್ತಾಗುವುದಿಲ್ಲ. ನೋವಿಲ್ಲವೆಂದು ಅದೇ ಕಾಲಲ್ಲಿ ನಡೆಯುತ್ತಾರೆ, ತುಳಿದ ಹಾಗೆಲ್ಲ ಗಾಯ ಆಳಕ್ಕೆ ಇಳಿಯುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವಂತೆ ಆಗುವುದು ಇಲ್ಲೇ. ಬರಿಗಾಲಲ್ಲಿ ಹೊಲಕ್ಕೆ ಹೋಗಬೇಡಿ. ಬೇಸಿಗೆಯಲ್ಲಿ ಕಾಲಕಾಲೇಶ್ವರನ ಗುಡಿಯ ಮೆಟ್ಟಿಲು ಹತ್ತುವುದಾದರೆ ಬಿಸಿಲೇರುವ ಮುಂಚೆ ಕಾಲುಚೀಲ ಹಾಕಿ ಹತ್ತಿ. ಕಾದ ಕಲ್ಲಿಗೆ ಬೊಬ್ಬೆ ಎದ್ದರೂ ನಿಮಗೆ ತಿಳಿಯದು. ಕಾಲುಚೀಲ ಹಾಕಿದ್ದಕ್ಕೆ ದೇವರು ಬೇಸರಪಡುವುದಿಲ್ಲ. ಚಪ್ಪಲಿ ಕೊಡವಿ ಮೆಟ್ಟಿ. ರಾತ್ರಿ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ಬೆರಳ ಸಂದಿಯನ್ನೂ ನೋಡಿ, ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳಿಗೆ ಹೇಳಿ. ಆಣಿಯನ್ನು ಬ್ಲೇಡಿನಿಂದ ಕೆತ್ತುವುದಂತೂ ಬೇಡವೇ ಬೇಡ.

ಈಗ ಇಂಥ ಗಾಯಕ್ಕೂ ದಾರಿಗಳಿವೆ. ಸತ್ತ ಮಾಂಸ ತೆಗೆಯುತ್ತಾರೆ, ಪಾದಕ್ಕೆ ಭಾರ ಬೀಳದಂತೆ ವಿಶೇಷ ಪ್ಲಾಸ್ಟರ್ ಹಾಕುತ್ತಾರೆ, ಸ್ಪಂಜು ಇಟ್ಟು ಯಂತ್ರದಿಂದ ಗಾಯದ ಕೀವು-ನೀರು ಎಳೆಯುತ್ತಾರೆ. ತಾಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಗದಗಿನ ಜಿಮ್ಸ್ ಆಸ್ಪತ್ರೆ ಇದೆ, ಮುಂದೆ ಹುಬ್ಬಳ್ಳಿ ಇದೆ. ಆದರೆ ಬೆರಳು ಕಪ್ಪಾದ ಮೇಲೆ ಹೋದರೆ ವೈದ್ಯರ ಕೈಯಲ್ಲಿ ಉಳಿಯುವುದು ಕತ್ತರಿಸುವ ಕೆಲಸ. ಶುಗರ್ ಇದ್ದು ಪಾದದಲ್ಲಿ ಗಾಯ ಕಂಡರೆ, ಎಷ್ಟೇ ಸಣ್ಣದಿರಲಿ, ನೋವು ಇರಲಿ ಬಿಡಲಿ, ಅದೇ ದಿನ ವೈದ್ಯರಿಗೆ ತೋರಿಸಿ.