ಉಳಿಯ ಸವೆತವೂ ಯಂತ್ರಕಲಿಕೆಯೂ

ಹೊಲಿಗೆಯ ಯಂತ್ರದ ಸೂಜಿಯು ಮೊಂಡಾದುದನ್ನು ಕಣ್ಣಿಗಿಂತ ಮೊದಲು ಕಿವಿಯೇ ಅರಿಯುವದೆಂದು ನಮ್ಮ ವಿದ್ಯಾರ್ಥಿನಿಯರು ಬಲ್ಲರು. ಬಟ್ಟೆಯನ್ನು ಚುಚ್ಚುವಾಗ ಟಪ್ ಟಪ್ ಎಂಬ ಸದ್ದು ಹುಟ್ಟುವದು. ಅದನ್ನು ಅಲಕ್ಷ್ಯಮಾಡಿದವಳ ರವಿಕೆಯಲ್ಲಿ ನೂಲೆಳೆಗಳು ಕಿತ್ತುಬರುವವು. ಲೋಹವನ್ನು ಕೊರೆಯುವ ಕಾರ್ಖಾನೆಗಳಲ್ಲಿಯೂ ಇದೇ ತೊಡಕುಂಟು.

ಉಕ್ಕನ್ನು ಕೊರೆಯುವ ಉಳಿಯು ಕಾವಿನಿಂದಲೂ ತಿಕ್ಕಾಟದಿಂದಲೂ ಸವೆಯುವದು. ಅದರ ಪಕ್ಕದ ಮೈಯಲ್ಲಿ ಸರಾಸರಿ 0.3 ಮಿಲಿಮೀಟರ್ ಅಗಲದ ಸವೆತದ ಪಟ್ಟೆ ಮೂಡಿದರೆ ಅದರ ಆಯುಷ್ಯವು ತೀರಿತೆಂದು ಪರೀಕ್ಷೆಗಳಲ್ಲಿ ಎಣಿಸುವ ವಾಡಿಕೆಯಿದೆ. ಮುಂಚಿತವಾಗಿ ತೆಗೆದರೆ ಬೆಲೆಯುಳ್ಳ ಉಳಿಯು ವ್ಯರ್ಥ. ತಡಮಾಡಿದರೆ ಮಾಡುತ್ತಿರುವ ವಸ್ತುವೇ ಕೆಡುವದು. ಅಮೇರಿಕದ ಫ್ರೆಡರಿಕ್ ಟೇಲರರು 26 ವರ್ಷ ಪ್ರಯೋಗಗಳನ್ನು ನಡಿಸಿ, ವೇಗವು ಹೆಚ್ಚಿದರೆ ಉಳಿಯ ಆಯುಷ್ಯವು ಎಷ್ಟು ಕುಗ್ಗುವದೆಂಬ ಲೆಕ್ಕವನ್ನು 1906ರಲ್ಲಿ ಮಂಡಿಸಿದರು. ಆದಾಗ್ಯೂ ಅದು ಸರಾಸರಿಯ ಲೆಕ್ಕವು. ಒಂದೇ ಪೆಟ್ಟಿಗೆಯ ಎರಡು ಉಳಿಗಳು ಒಂದೇ ಹೊತ್ತಿಗೆ ಸವೆಯಬೇಕೆಂದಿಲ್ಲ.

ಆದಕಾರಣ ಈಗ ಯಂತ್ರದ ಕಂಪನ, ಉಳಿಯ ಮೇಲೆ ಬೀಳುವ ಬಲ, ಲೋಹದೊಳಗೆ ಹುಟ್ಟುವ, ಮನುಷ್ಯರ ಕಿವಿಗೆ ನಿಲುಕದ ಸದ್ದು, ಇವುಗಳನ್ನು ಅಳೆದು ಗಣಕಯಂತ್ರಕ್ಕೆ ಕೊಡುವರು. ಇಂತಿಂಥ ಅಳತೆಗೆ ಇಷ್ಟಿಷ್ಟು ಸವೆತವೆಂಬ ಅನೇಕ ಉದಾಹರಣೆಗಳಿಂದ ಅದು ತಾನೇ ಸಂಬಂಧವನ್ನು ಹುಡುಕಿಕೊಳ್ಳುವದು. ಇದನ್ನೇ ಯಂತ್ರಕಲಿಕೆ ಎನ್ನುವರು.

2010ರಲ್ಲಿ ಪಿಎಚ್‌ಎಂ ಸೊಸೈಟಿಯು ಈ ವಿಷಯದಲ್ಲಿ ಒಂದು ಸ್ಪರ್ಧೆಯನ್ನು ಏರ್ಪಡಿಸಿತು. ನಿಮಿಷಕ್ಕೆ 10,400 ಸುತ್ತು ತಿರುಗುವ ಯಂತ್ರದಲ್ಲಿ ಆರು ಉಳಿಗಳು ತಲಾ 315 ಸಾರಿ ಲೋಹವನ್ನು ಕೊರೆದಿದ್ದವು. ಮೂರು ಉಳಿಗಳ ಸವೆತದ ಅಳತೆಯನ್ನು ಸ್ಪರ್ಧಿಗಳಿಗೆ ತಿಳಿಸಿ, ಉಳಿದ ಮೂರರದನ್ನು ಬಚ್ಚಿಟ್ಟರು. ಉತ್ತರವಿರುವ ಲೆಕ್ಕಗಳಿಂದ ಕಲಿಸಿ, ಉತ್ತರವಿಲ್ಲದವುಗಳಿಂದ ಪರೀಕ್ಷಿಸುವ ನಮ್ಮ ಪದ್ಧತಿಯೇ ಇದಲ್ಲವೇ!

ನಮಗೆ ಪರಿಚಯವಿರುವ ಒಂದು ದೋಷವೂ ಇಲ್ಲಿ ಕಾಣುವದು. ಉದಾಹರಣೆಗಳು ಕಡಿಮೆಯಾದರೆ ಯಂತ್ರವು ಮರ್ಮವನ್ನು ಗ್ರಹಿಸದೆ ಬಾಯಿಪಾಠ ಮಾಡಿಬಿಡುವದು. ಕಲಿತ ಉಳಿಗಳ ವಿಷಯದಲ್ಲಿ ಸರಿಯಾದ ಉತ್ತರ ಕೊಟ್ಟು, ಹೊಸ ಉಳಿಯ ಮುಂದೆ ತಡವರಿಸುವದು. ಲೋಹವಾಗಲಿ ವೇಗವಾಗಲಿ ಬದಲಾದರೆ ಬಹಳ ಸಾರಿ ಮತ್ತೆ ಕಲಿಸಬೇಕಾಗುವದು. ಹಾಗೆ ಕಲಿಸುವದು ಅಗ್ಗದ ಕೆಲಸವಲ್ಲ. ಪ್ರತಿಯೊಂದು ಉದಾಹರಣೆಗೂ ಯಾರಾದರೂ ಯಂತ್ರವನ್ನು ನಿಲ್ಲಿಸಿ, ಉಳಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಸವೆತವನ್ನು ಅಳೆದು ಬರೆಯಬೇಕು. ಆ ಅಳತೆಯು ತಪ್ಪಿದರೆ ಯಂತ್ರವು ಆ ತಪ್ಪನ್ನೇ ಶ್ರದ್ಧೆಯಿಂದ ಕಲಿಯುವದು.