ಟರ್ಮಿನಲ್ ನೋಡಿ ಹಣ ಹಾಕಬೇಡಿ, ದಾರಿ ನೋಡಿ: ಕಾವಾಸಾಕಿಯ ಪಾಠ



ನಿಶಿಕಸಾಯಿಯ ಗೆಳೆಯರೊಬ್ಬರು ಈ ಸಲದ ಬೋನಸ್ ಪೂರ್ತಿ ಒಂದು ಹೈಡ್ರೋಜನ್ ಫಂಡಿಗೆ ಹಾಕಬಹುದೇ ಎಂದು ಕೇಳಿದರು. ಊರಲ್ಲಿ ಮನೆ ಕಟ್ಟಲು ಕೂಡಿಡುತ್ತಿರುವ ಹಣ ಅದು. "ಜಪಾನ್ ಸರ್ಕಾರವೇ ಹಿಂದೆ ನಿಂತಿದೆಯಲ್ಲ ಸರ್?" ಎಂದರು. 2021ರಲ್ಲಿ ನಾನೂ ಹೀಗೇ ಅಂದುಕೊಂಡು ಒಂದು ಹಸಿರು ಇಂಧನ ಫಂಡ್ ಕೊಂಡಿದ್ದೆ. ಹಾಕಿದ್ದರಲ್ಲಿ ಮೂರನೇ ಒಂದು ಭಾಗ ಕಳೆದುಕೊಂಡು ಹೊರಬಂದೆ. ತಂತ್ರಜ್ಞಾನದ ಬಗ್ಗೆ ಬೇಕಾದಷ್ಟು ಓದಿದ್ದೆ, ಸರಕು ಸಾಗುವ ದಾರಿಯ ಬಗ್ಗೆ ಓದಿರಲಿಲ್ಲ.

ದ್ವೀಪವಿದೆ, ದಾರಿ?

ಟೋಕಿಯೋ ಪಕ್ಕದ ಕಾವಾಸಾಕಿ ಕರಾವಳಿಯಲ್ಲಿ ಓಗಿಶಿಮಾ ಎಂಬ ಕೃತಕ ದ್ವೀಪವಿದೆ. ಅಲ್ಲಿನ ಜೆಎಫ್ಇ ಸ್ಟೀಲ್‌ನ ಊದುಕುಲುಮೆ 2023ರ ಸೆಪ್ಟೆಂಬರ್‌ನಲ್ಲಿ ನಿಂತಿತು. ಆ ಜಾಗದಲ್ಲಿ ದ್ರವ ಹೈಡ್ರೋಜನ್ ಟರ್ಮಿನಲ್ ಮತ್ತು ಸರಕು ಕೇಂದ್ರ ತರುವುದು ನಗರದ ಯೋಜನೆ. 2028ರಿಂದ ಒಂದಷ್ಟು ಭಾಗ ಬಳಕೆಗೆ ಬರಬೇಕು.

ಅದಿರು ಹಡಗುಗಳಿಗೆಂದು ಕಟ್ಟಿದ ಆಳ ನೀರಿನ ಧಕ್ಕೆ ಅಲ್ಲಿ ಮೊದಲೇ ಇದೆ. ವಾಂಗನ್ ಎಕ್ಸ್‌ಪ್ರೆಸ್‌ವೇ ಕೂಡ ದ್ವೀಪವನ್ನು ಹಾದೇ ಹೋಗುತ್ತದೆ. ಆದರೆ ಉಕ್ಕಿನ ಕಾಲದಲ್ಲಿ ಅದರಿಂದ ದ್ವೀಪಕ್ಕೆ ಇಳಿಯಲು ದಾರಿ ಇರಲಿಲ್ಲ. ಕಂಪನಿಯದೇ ಸಮುದ್ರದಡಿಯ ಸುರಂಗದಲ್ಲಿ ಓಡಾಟ. ಒಂದೇ ಕಾರ್ಖಾನೆಗೆ ಅಷ್ಟು ಸಾಕಿತ್ತು. ಹತ್ತಾರು ಕಂಪನಿಗಳ ಲಾರಿಗಳಿಗೆ ಸಾಲದು. ಹಾಗಾಗಿ ಟರ್ಮಿನಲ್‌ನಷ್ಟೇ ರಸ್ತೆಯೂ ಮುಖ್ಯ.

ತಡವಾದರೆ ಏನಾಗುತ್ತದೆ?

ಒಂದು ಕಾಲ್ಪನಿಕ ಲೆಕ್ಕ ನೋಡಿ. ಇಂದು 100 ಯೆನ್ ಹಾಕುತ್ತೀರಿ. ವರ್ಷಕ್ಕೆ 12 ಯೆನ್‌ನಂತೆ 20 ವರ್ಷ ಬರುತ್ತದೆ. ಶೇ. 6ರ ದರದಲ್ಲಿ ಅದರ ಇಂದಿನ ಮೌಲ್ಯ ಸುಮಾರು 138. ಅಂದರೆ 38 ಯೆನ್ ಲಾಭ. ಈಗ ಉಳಿದದ್ದೆಲ್ಲ ಹಾಗೇ ಇರಲಿ, ರಸ್ತೆ ತಡವಾಗಿ ಆದಾಯ ಮೂರು ವರ್ಷ ಮುಂದೆ ಹೋಗಲಿ: ಲಾಭ ಸುಮಾರು 16ಕ್ಕೆ ಇಳಿಯುತ್ತದೆ. ಐದು ವರ್ಷ ತಡವಾದರೆ ಉಳಿಯುವುದು 3 ಯೆನ್. ಯಂತ್ರ ಕೆಟ್ಟಿಲ್ಲ, ಯಾರೂ ಮೋಸ ಮಾಡಿಲ್ಲ.

ಹಡಗಿನಲ್ಲಿ ಎಷ್ಟು ಬರುತ್ತದೆ?

2022ರ ಫೆಬ್ರುವರಿಯಲ್ಲಿ ಸುಯಿಸೋ ಫ್ರಾಂಟಿಯರ್ ಹಡಗು ಆಸ್ಟ್ರೇಲಿಯಾದಿಂದ ಕೋಬೆಗೆ ದ್ರವ ಹೈಡ್ರೋಜನ್ ತಂದಿತು. ಅದರ ಟ್ಯಾಂಕ್ 1,250 ಘನ ಮೀಟರ್. ಟ್ಯಾಂಕ್ ತುಂಬಿದರೂ 90 ಟನ್ ಒಳಗೇ. ನನ್ನ ಅಂದಾಜಿನಲ್ಲಿ, ಅರ್ಧದಷ್ಟು ಶಕ್ತಿ ವಿದ್ಯುತ್ತಾದರೂ 1,000 ಮೆಗಾವ್ಯಾಟ್ ಸ್ಥಾವರ ನಡೆಯುವುದು ಸುಮಾರು ಒಂದೂವರೆ ಗಂಟೆ! ದೊಡ್ಡ ಹಡಗು ಬೇಕು, ಅದನ್ನು ತುಂಬಿಸಲು ದೊಡ್ಡ ಪೂರೈಕೆ ಬೇಕು. ಆ ಪೂರೈಕೆಯೇ ಕೈಕೊಟ್ಟಿತು. 2030ರ ಗಡುವಿಗೆ ಆಸ್ಟ್ರೇಲಿಯಾದಿಂದ ಸಿಗುವುದಿಲ್ಲವೆಂದು, ಪ್ರಾತ್ಯಕ್ಷಿಕೆಗೆ ಜಪಾನ್‌ನ ಹೈಡ್ರೋಜನ್ನನ್ನೇ ಬಳಸುವ ನಿರ್ಧಾರ 2024ರ ಡಿಸೆಂಬರ್‌ನಲ್ಲಿ ಹೊರಬಿತ್ತು.

ನಮ್ಮ ಕುದುರೆಮುಖ

ನಮಗಿದು ಹೊಸತಲ್ಲ. ಇರಾನ್ ಸಾಲವನ್ನೂ ಕೊಟ್ಟು ಅದಿರನ್ನೂ ಕೊಳ್ಳುವ ಒಪ್ಪಂದದ ಮೇಲೆ ಕುದುರೆಮುಖ ಯೋಜನೆ ಎದ್ದಿತು. ಗಣಿ, ಘಟ್ಟ ಇಳಿಯುವ 67 ಕಿ.ಮೀ. ಕೊಳವೆ, ಮಂಗಳೂರಿನಲ್ಲಿ ಬಂದರು, ಎಲ್ಲವೂ ಒಂದಕ್ಕೊಂದು ಹೊಂದಿದ್ದವು. 1979ರಲ್ಲಿ ಇರಾನ್‌ನಲ್ಲಿ ಕ್ರಾಂತಿಯಾಯಿತು. 1980ರಲ್ಲಿ ಕಾರ್ಖಾನೆ ಸಿದ್ಧವಾದಾಗ ಕೊಳ್ಳುವವರೇ ಇಲ್ಲ. ಬೇರೆ ಗ್ರಾಹಕರನ್ನು ಹುಡುಕಬೇಕಾಯಿತು. ಅಲ್ಲಿ ಕೊಳ್ಳುವವರು ಹೋದರು, ಇಲ್ಲಿ ಕೊಡುವವರು ಹೋದರು. ಸರಪಳಿಯ ಯಾವ ಕೊಂಡಿ ಕಳಚಿದರೂ ಉಳಿದವು ದುಡಿಯುವುದಿಲ್ಲ. ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಕೇಳಬೇಕಾದ ಮೂರು ಪ್ರಶ್ನೆಗಳು

1. ಪೂರೈಕೆ, ಖರೀದಿ ಎರಡಕ್ಕೂ ಸಹಿಯಾದ ಕರಾರು ಇದೆಯೇ, ಅಥವಾ ಬರೀ ಒಡಂಬಡಿಕೆಯೇ?
2. ಧಕ್ಕೆ, ರಸ್ತೆ, ವಿದ್ಯುತ್ ಮಾರ್ಗ ಮುಗಿಯುವ ದಿನಾಂಕ ಸ್ಥಾವರ ಶುರುವಾಗುವುದಕ್ಕಿಂತ ಮೊದಲಿದೆಯೇ?
3. ಬೆಲೆಯ ಅಂತರ ತುಂಬುವವರು ಯಾರು, ಎಷ್ಟು ವರ್ಷ? ಜಪಾನ್ 2024ರ ಕಾನೂನಿನಡಿ 15 ವರ್ಷಗಳಿಗೆ 3 ಲಕ್ಷ ಕೋಟಿ ಯೆನ್ ಎತ್ತಿಟ್ಟಿದೆ. ಅದು ಆಯ್ಕೆಯಾದ ಯೋಜನೆಗಳಿಗೆ ಮಾತ್ರ. ನಿಮ್ಮ ಫಂಡಿನಲ್ಲಿರುವ ಕಂಪನಿಗೆ ಅದು ಸಿಕ್ಕಿದೆಯೇ?

ಸರ್ಕಾರ ಹಿಂದೆ ನಿಂತಿರುವುದು ಯೋಜನೆಯ ಹಿಂದೆ, ಷೇರು ಕೊಂಡವರ ಹಿಂದೆ ಅಲ್ಲ. ಓಗಿಶಿಮಾ ಗೆಲ್ಲಬಹುದು, ಗೆಲ್ಲಲಿ. ಆದರೆ ಅದರ ಗಡುವಿಗೂ ನಿಮ್ಮ ಮನೆಯ ಗಡುವಿಗೂ ಸಂಬಂಧವಿಲ್ಲ. ಗೆಳೆಯರಿಗೂ ಇದನ್ನೇ ಹೇಳಿದೆ: ಹತ್ತು ವರ್ಷ ಮುಟ್ಟಬೇಕಿಲ್ಲದ ಹಣದಲ್ಲಿ ಒಂದು ಸಣ್ಣ ಪಾಲು ಹಾಕಿ, ಮನೆಯ ದುಡ್ಡು ಬೇಡ. ಅವರು ಇನ್ನೂ ಯೋಚಿಸುತ್ತಿದ್ದಾರೆ.