ಅಧ್ಯಯನ ಪಾಠ: ಮೀನುಗಳ ಪ್ರೇರಿತ ಸಂತಾನೋತ್ಪತ್ತಿ ಮತ್ತು ಕೆರೆಗೆ ಬಿಡುವ ಬಿತ್ತನೆ ಮರಿ

ಕಾಟ್ಲಾ, ರೋಹು ಹಾಗೂ ಮೃಗಾಲ್ ಮೀನುಗಳು ಕೆರೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ. ಅವುಗಳ ಹೊಟ್ಟೆಯಲ್ಲಿ ಮೊಟ್ಟೆಯೂ ಬಲಿಯುತ್ತದೆ. ಆದರೆ ನಿಂತ ನೀರಿನಲ್ಲಿ ಅವು ಸಾಮಾನ್ಯವಾಗಿ ಮೊಟ್ಟೆ ಇಡುವುದಿಲ್ಲ. ಮುಂಗಾರಿನಲ್ಲಿ ಉಕ್ಕಿ ಹರಿಯುವ ನದಿಯೇ ಅವುಗಳ ಸಂತಾನೋತ್ಪತ್ತಿಯ ತಾಣ. ಆದುದರಿಂದ ಕೆರೆಗೆ ಹೊರಗಿನಿಂದ ಮರಿ ತಂದು ಬಿಡಬೇಕಾಗುತ್ತದೆ.

ಹಿಂದೆ ನದಿಗಳಲ್ಲಿ ಬಲೆಯೊಡ್ಡಿ ಮರಿ ಸಂಗ್ರಹಿಸಲಾಗುತ್ತಿತ್ತು. ಅದರಲ್ಲಿ ಇತರ ಮೀನುಗಳನ್ನು ತಿನ್ನುವ ಜಾತಿಗಳೂ ಬೆರೆತಿರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಡಾ. ಕೆ.ಎಚ್. ಅಲಿಕುಂಞಿ ಅವರು ಹಾರ್ಮೋನು ನೀಡಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವಲ್ಲಿ ಯಶಸ್ವಿಯಾದರು. ಅದರ ಸ್ಮರಣಾರ್ಥ ಈ ದಿನವನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತಿದೆ.

ವಿಧಾನ: ಮೀನಿನ ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನು ಮೊಟ್ಟೆ ಬಿಡುಗಡೆಗೆ ಕಾರಣ. ಮೊದಲಿಗೆ ಬೇರೆ ಮೀನಿನ ಗ್ರಂಥಿಯ ಸಾರವನ್ನು ಎರಡು ಬಾರಿ ಚುಚ್ಚಲಾಗುತ್ತಿತ್ತು. ಹೆಣ್ಣು ಮೀನಿನ ಪ್ರತಿ ಕಿಲೋಗ್ರಾಂ ತೂಕಕ್ಕೆ 2–3 ಮಿಲಿಗ್ರಾಂ, ಸುಮಾರು 6 ಗಂಟೆಗಳ ನಂತರ 5–8 ಮಿಲಿಗ್ರಾಂ. ಈಗ ಕೃತಕ ಹಾರ್ಮೋನಿನ ಒಂದೇ ಚುಚ್ಚುಮದ್ದು ಸಾಕಾಗುತ್ತದೆ. ಮೀನು ಮೊದಲೇ ಬಲಿತಿರದಿದ್ದರೆ ಈ ಮದ್ದಿನಿಂದ ಪ್ರಯೋಜನವಿಲ್ಲ. ಬೆಚ್ಚಗಿನ ನೀರಿನಲ್ಲಿ ಮೊಟ್ಟೆಗಳು 14–18 ಗಂಟೆಗಳಲ್ಲಿ ಒಡೆಯುತ್ತವೆ.

"ಇಂಜೆಕ್ಷನ್ ಮೀನು" ಎಂಬ ಅನುಮಾನ ಗ್ರಾಮಸಭೆಗಳಲ್ಲಿ ಕೇಳಿಬಂದಲ್ಲಿ ಸದಸ್ಯರು ಹೀಗೆ ತಿಳಿಸಬಹುದು: ಮದ್ದು ನೀಡುವುದು ಮರಿ ಉತ್ಪಾದನಾ ಕೇಂದ್ರದ ತಾಯಿ ಮತ್ತು ಗಂಡು ಮೀನುಗಳಿಗೆ ಮಾತ್ರ. ಕೆರೆಗೆ ಬಿಡುವ ಮರಿಗಳಿಗೆ ಈ ಮದ್ದು ಚುಚ್ಚುವುದಿಲ್ಲ.

ನಿಜವಾದ ಅಪಾಯ ಬೇರೆಡೆ ಇದೆ. ಕೆಲವೇ ಮೀನುಗಳಿಂದ ವರ್ಷಗಟ್ಟಲೆ ಮರಿ ಪಡೆದರೆ ರಕ್ತಸಂಬಂಧಿ ಸಂತಾನವಾಗಿ ಬೆಳವಣಿಗೆ ಕುಂಠಿತವಾಗುತ್ತದೆ. ಹಲವು ಜಾತಿಗಳನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟರೆ ಮಿಶ್ರತಳಿ ಹುಟ್ಟುತ್ತದೆ. ಮರಿಯ ಗಾತ್ರದಲ್ಲಿ ಈ ದೋಷಗಳು ಕಾಣುವುದಿಲ್ಲ; ಇಳುವರಿ ಕೈಕೊಟ್ಟಾಗ ಮಾತ್ರ ತಿಳಿಯುತ್ತದೆ. ಆ ವೇಳೆಗೆ ಪಂಚಾಯತಿಯ ಹಣವೂ ಮೀನುಗಾರರ ಒಂದು ವರ್ಷದ ದುಡಿಮೆಯೂ ಕೆರೆಯ ಪಾಲಾಗಿರುತ್ತದೆ.

ಮರಿ ಖರೀದಿಗೆ ಮುನ್ನ ಗಮನಿಸತಕ್ಕ ಅಂಶಗಳು:

1. ಮರಿ ಎಲ್ಲಿಯದು, ತಾಯಿ ಮೀನುಗಳನ್ನು ಎಷ್ಟು ವರ್ಷಗಳಿಗೊಮ್ಮೆ ಬದಲಾಯಿಸಲಾಗುತ್ತದೆ ಎಂಬುದನ್ನು ಲಿಖಿತವಾಗಿ ಪಡೆಯುವುದು.
2. ಜಾತಿವಾರು ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಿಕೊಳ್ಳುವುದು. ಸದಸ್ಯರ ಸಮಕ್ಷಮ ಮಾದರಿ ಎಣಿಕೆ ಮಾಡುವುದು.
3. ಬೆರಳುದ್ದ ಬೆಳೆದ ಮರಿಗಳನ್ನೇ ಆರಿಸುವುದು. ತೀರಾ ಸಣ್ಣ ಮರಿಗಳು ಬೇರೆ ಮೀನುಗಳಿಗೆ ಆಹಾರವಾಗುತ್ತವೆ.
4. ಮರಿಯ ಚೀಲವನ್ನು ಸ್ವಲ್ಪ ಹೊತ್ತು ಕೆರೆಯ ನೀರಿನಲ್ಲಿ ತೇಲಿಬಿಟ್ಟು, ಉಷ್ಣಾಂಶ ಸಮವಾದ ನಂತರ ಬಿಡುವುದು.

ಚರ್ಚೆಗೆ: ತಮ್ಮ ಕೆರೆಗೆ ಕಳೆದ ಬಾರಿ ಬಿಟ್ಟ ಮರಿಗಳ ಮೂಲ ಯಾವುದು ಎಂಬುದು ಪಂಚಾಯತಿಯ ಕಡತದಲ್ಲಿ ದಾಖಲಾಗಿದೆಯೇ?